ಮೇ 29ಕ್ಕೆ ಶಾಲೆ, ಮರೀಬೇಡಿ

ಏಪ್ರಿಲ್ ಅಂದ್ರೆ ನಮ್ಮ ಆಫೀಸಿನಲ್ಲಿ ಅಪ್ರೈಸಲ್ ತಿಂಗಳು. ವರ್ಷವಿಡೀ ಏನು ಕಡಿದು ಕಟ್ಟೆ ಹಾಕಿದೆ ಅಂತ ನಾವೇ ಬರೆದು, ಮ್ಯಾನೇಜರ್ ಮುಂದೆ ಕೂತು, ಅವರು ಕೊಟ್ಟ ರೇಟಿಂಗ್‌ಗೆ ತಲೆಯಾಡಿಸಿ ಬರಬೇಕು. ಈ ಸಲ ಆ ಮೀಟಿಂಗ್ ಇದ್ದ ವಾರದಲ್ಲೇ ಊರಿನ ಶಾಲೆಯ ಹೆಡ್ ಮಿಸ್‌ರಿಂದ ಒಂದು ವಾಯ್ಸ್ ಮೆಸೇಜ್ ಬಂತು. "ಇಂಜಿನಿಯರ್ರೇ, ಸಮುದಾಯದತ್ತ ಶಾಲೆ ಕಾರ್ಯಕ್ರಮ ಇದೆ, ನಿಮ್ಮ ಅಕ್ಕನಿಗೆ ರಜೆ ಸಿಗಲ್ವಂತೆ, ನೀವಾದ್ರೂ ಬನ್ನಿ. ಹಾಗೇ ಪೋಷಕರಿಗೆ ಕಳಿಸೋಕೆ ಒಂದು ಸೂಚನೆ ಟೈಪ್ ಮಾಡ್ಕೊಡಿ. ನಿಮಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತಲ್ಲ."

ಎಂಟು ವರ್ಷದ ಅನುಭವ ಇರೋ ಸಾಫ್ಟ್‌ವೇರ್ ಇಂಜಿನಿಯರ್ ಊರಿಗೆ ಬಂದ್ರೆ ಅವನಿಗೆ ಸಿಗೋ ಕೆಲಸ ಇಷ್ಟೇ. ಪ್ರಿಂಟರ್ ರಿಪೇರಿ, ಇಲ್ಲಾ ಟೈಪಿಂಗ್.

ನಮ್ಮೂರು ಚನ್ನಪಟ್ಟಣ ತಾಲ್ಲೂಕಿನಲ್ಲಿದೆ. ನಾನು ವಾರಕ್ಕೆ ಮೂರು ದಿನ ಟ್ರೇನಲ್ಲಿ ಬೆಂಗಳೂರಿಗೆ ಹೋಗಿ ಬರ್ತೀನಿ, ಉಳಿದ ದಿನ ಅಟ್ಟದ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ. ಅಕ್ಕ ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಭಾವ ಲಾರಿ ಮೇಲೆ. ಅವರ ಮಗಳು ನಮ್ಮ ಮನೆಯಲ್ಲೇ ಬೆಳೀತಿದ್ದಾಳೆ, ನಾನು ಓದಿದ ಅದೇ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈಗ ಎರಡನೇ ಕ್ಲಾಸು ಮುಗಿಸಿದ್ದಾಳೆ. ಫ್ಯಾಕ್ಟರಿ ಒಳಗೆ ಅಕ್ಕ ಫೋನ್ ಮುಟ್ಟೋ ಹಾಗಿಲ್ಲ. ಹಾಗಾಗಿ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಜೊತೆ ನಾನೂ ಇದ್ದೀನಿ. ಈ ಅಂಕಣ ಓದುವವರಲ್ಲೂ ಬಹಳ ಜನರ ಫೋನಿನಲ್ಲಿ ಇಂಥ ಒಂದು ಗ್ರೂಪ್ ಮ್ಯೂಟ್ ಆಗಿ ಬಿದ್ದಿರುತ್ತೆ, ನನಗೆ ಗೊತ್ತು.

ಮಿಸ್‌ಗೆ ಹೇಳದೇ ಇದ್ದ ಒಂದು ಸಂಗತಿ ಇತ್ತು. ಆ ದಿನ ನನ್ನ ಬ್ಯಾಗಿನಲ್ಲಿ ಮಗುವಿನ ಟಿ.ಸಿ. ಕೇಳಿ ಬರೆದ ಅರ್ಜಿ ಇತ್ತು. ಅಕ್ಕನ ಸಹಿ ಆಗಿತ್ತು. ದಿನಾಂಕದ ಜಾಗ ಖಾಲಿ.

ಟ್ರೇನಲ್ಲಿ ಕೂತು ಸೂಚನೆ ಸಿದ್ಧ ಮಾಡಿದೆ. ಹನ್ನೊಂದು ಅಂಶ. ದಪ್ಪಕ್ಷರ, ನಡುನಡುವೆ ಗಂಟೆ ಮತ್ತು ಪುಸ್ತಕದ ಎಮೋಜಿ. ನಮ್ಮ ರಿಲೀಸ್ ನೋಟ್ಸ್ ಕೂಡ ಅಷ್ಟು ನೀಟಾಗಿ ಇರಲ್ಲ. ಶಾಲೆ ವರಾಂಡದಲ್ಲಿ ಮಿಸ್‌ಗೆ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ಓದಿದರು. "ಚೆನ್ನಾಗಿದೆ. ಆದ್ರೆ ಇದನ್ನ ಓದೋರು ಯಾರು?" ಅಂದರು.

ಲೆಕ್ಕ ಅವರ ಬೆರಳ ತುದಿಯಲ್ಲಿತ್ತು. ಶಾಲೆಯಲ್ಲಿ 23 ಮಕ್ಕಳು. ಅಣ್ಣ ತಂಗಿ ಅಂತ ಒಂದೇ ಮನೆಯವರು ಇರೋದ್ರಿಂದ ಮನೆ ಹತ್ತೊಂಬತ್ತು. ಅದರಲ್ಲಿ ಹದಿನಾಲ್ಕು ಮನೆಯವರು ಗ್ರೂಪಿನಲ್ಲಿದ್ದಾರೆ. ಆ ಹದಿನಾಲ್ಕರಲ್ಲಿ ಆರು ಫೋನು ಅಪ್ಪಂದಿರ ಜೇಬಿನಲ್ಲಿ, ಅವರು ಮನೆ ಸೇರೋದು ರಾತ್ರಿ. ಮೂವರಿಗೆ ಓದೋಕೆ ಬರಲ್ಲ. ಇನ್ನಿಬ್ಬರ ಡೇಟಾ ಯಾವಾಗ ಇರುತ್ತೆ ಯಾವಾಗ ಖಾಲಿ ಆಗುತ್ತೆ ಹೇಳೋಕಾಗಲ್ಲ. "ಒಂದೊಂದು ವಿಷಯಕ್ಕೂ ಒಂದೊಂದು ವಾಯ್ಸ್ ಮೆಸೇಜ್ ಮಾಡಿ. ಒಂದು ನಿಮಿಷ ದಾಟಬಾರದು. ನಮ್ಮೂರ ಭಾಷೇಲಿ ಮಾತಾಡಿ. ಗ್ರೂಪಲ್ಲಿ ಇಲ್ಲದ ಐದು ಮನೆಗೆ ನಾನು ಸಂಜೆ ಹೋಗಿ ಹೇಳ್ತೀನಿ" ಅಂದರು.

ಹಾಗಾಗಿ ನನ್ನ ಹನ್ನೊಂದು ಅಂಶ ಕಸಕ್ಕೆ ಹೋಯ್ತು. ಬದಲಿಗೆ ಅವತ್ತು ಇಡೀ ಬೆಳಗ್ಗೆ ಅವರ ಪಕ್ಕ ಕೂತು, ಏನು ಹೇಳಬೇಕು, ಯಾಕೆ ಹೇಳಬೇಕು ಅಂತ ಕೇಳಿಸಿಕೊಂಡೆ.

ಮೊದಲನೆಯದು ದಿನಾಂಕ. ಏಪ್ರಿಲ್ 11ರಿಂದ ಮೇ 28ರ ತನಕ ಬೇಸಿಗೆ ರಜೆ, 29ಕ್ಕೆ ಶಾಲೆ ಶುರು. ಕೆಲವು ವರ್ಷಗಳಿಂದ ಹೆಚ್ಚು ಕಡಿಮೆ ಇದೇ ನಡೆದು ಬಂದಿದೆ. ಆದರೆ ನಮ್ಮೂರಲ್ಲಿ ಜನರ ತಲೆಯಲ್ಲಿ ಇನ್ನೂ 'ಜೂನ್ ಒಂದಕ್ಕೆ ಇಸ್ಕೂಲು' ಅಂತಲೇ ಕೂತಿದೆ. ಜೂನ್ ಒಂದು ಅಂದ್ರೆ ಅವರ ಲೆಕ್ಕದಲ್ಲಿ ಜೂನ್ ಹತ್ತು. ಅಷ್ಟರಲ್ಲಿ ಮಾವಿನ ಕೊನೇ ಕೊಯ್ಲು, ಅಜ್ಜಿ ಮನೆ, ಒಂದು ಮದುವೆ. "ಮೊದಲ ದಿನ ತೋರಣ ಕಟ್ಟಿ, ಸಿಹಿ ಮಾಡಿ ಕಾಯ್ತಾ ಇರ್ತೀವಿ. ಒಂಬತ್ತು ಮಕ್ಕಳು ಬಂದಿರ್ತಾರೆ" ಅಂದರು ಮಿಸ್. ಅಡುಗೆ ಅಮ್ಮ ಒಳಗಿಂದಲೇ ಕೂಗಿ ಹೇಳಿದರು: "ಪಾಯ್ಸ ಮಿಕ್ಕೋಯ್ತದೆ ಕಣ್ ಮಗ, ಮನೆ ಮನೆಗೂ ಒಯ್ದು ಕೊಟ್ಟು ಬತ್ತೀನಿ."

ಈ ಅಡುಗೆ ಅಮ್ಮನ ಕೈ ಊಟ ನಾನೂ ಉಂಡಿದ್ದೀನಿ. ರಾಜ್ಯದಲ್ಲಿ ಅಕ್ಷರ ದಾಸೋಹ ಮೊದಲು ಶುರುವಾಗಿದ್ದು 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ನಮ್ಮ ಕಡೆಗೆ ಬರೋ ಹೊತ್ತಿಗೆ ನಾನು ಎರಡನೇ ಕ್ಲಾಸಿಗೆ ಬಂದಿದ್ದೆ. ಮನೆಯಿಂದ ತಟ್ಟೆ ತರಬೇಕಿತ್ತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, ಈಗ ಮೊಟ್ಟೆ ಇದೆ, ರಾಗಿ ಮಾಲ್ಟ್ ಇದೆ. ರಜೆ ಅಂದ್ರೆ ಇದೆಲ್ಲ ಏಕಾಏಕಿ ನಿಂತು ಹೋಗುತ್ತೆ. 2024ರ ಬರಗಾಲದ ಬೇಸಿಗೆಯಲ್ಲಿ ಸರ್ಕಾರ ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟಿತ್ತು. ಅದು ಬರಗಾಲಕ್ಕೆ ಮಾಡಿದ ಏರ್ಪಾಡು, ಪ್ರತಿ ವರ್ಷದ್ದಲ್ಲ. ಮಧ್ಯಾಹ್ನ ಒಬ್ಬೊಬ್ಬರೇ ಮನೆಯಲ್ಲಿರೋ ಮಕ್ಕಳಿಗೆ ತಂಗಳು ಅನ್ನ ಒಂದು ಮೂಲೆಯಲ್ಲಿ ಮುಚ್ಚಿಟ್ಟು ಹೋಗ್ತಾರೆ. ಮಿಸ್ ಆ ಮನೆಗಳ ಹೆಸರು ಹೇಳಿದರು. ಅದನ್ನ ವಾಯ್ಸ್ ಮೆಸೇಜ್ ಮಾಡೋಕಾಗಲ್ಲ. "ಇವರಿಗೆ ನಾನೇ ಹೇಳ್ತೀನಿ, ಪಕ್ಕದ ಮನೆಯವರಿಗೂ ಹೇಳಿಟ್ಟಿರ್ತೀನಿ" ಅಂತ ಸುಮ್ಮನಾದರು.

ಅಡುಗೆ ಅಮ್ಮ ರಜೆಯಲ್ಲಿ ಮಾವಿನ ಮಂಡಿಗೆ ಹೋಗ್ತಾರೆ, ಹಣ್ಣು ವಿಂಗಡಿಸೋ ಕೆಲಸಕ್ಕೆ.

ಎರಡನೇ ಮೆಸೇಜು ನೀರಿನದು. ಇದನ್ನ ಮಾತ್ರ ಮೂರು ಸಲ ರೆಕಾರ್ಡ್ ಮಾಡಿಸಿದರು, ನನ್ನ ದನಿ "ನ್ಯೂಸ್ ಓದಿದ ಹಾಗೆ" ಇತ್ತಂತೆ.

ನಾವು ಬೆಳೆದ ಕಾಲದಲ್ಲಿ ಈಜು ಅಂದ್ರೆ ಬಾವಿ, ಕೆರೆ, ಕಾಲುವೆ. ದೊಡ್ಡವರು ಯಾರಾದರೂ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಕಲಿಸ್ತಿದ್ರು. ನನಗೆ ಒಂಬತ್ತು ವರ್ಷ ಇದ್ದಾಗ, ಬೇಸಿಗೆ ರಜೆಯಲ್ಲಿ ಕೆರೆ ಏರಿ ಮೇಲೆ ದನ ಬಿಟ್ಕೊಂಡು ನಾವು ನಾಲ್ಕು ಜನ ಇಳಿದಿದ್ವಿ. ಅದರಲ್ಲಿ ಒಬ್ಬನನ್ನ ಹಸು ಮೇಯಿಸ್ತಿದ್ದ ಅಜ್ಜ ತನ್ನ ಪಂಚೆ ಎಸೆದು ಎಳೆದುಕೊಂಡ. ಅವನು ಈಗ ಬಿಡದಿಯಲ್ಲಿ ಕೆಲಸ ಮಾಡ್ತಾನೆ, ಎರಡು ಮಕ್ಕಳ ತಂದೆ. ಆ ಪಂಚೆ ವಿಷಯ ನಾವು ನಾಲ್ವರೂ ಮನೆಯಲ್ಲಿ ಹೇಳಿದ್ದು ಡಿಗ್ರಿ ಮುಗಿದ ಮೇಲೆ.

ಈಗಿನ ಅಪಾಯ ಬೇರೆ ಥರದ್ದು. ತೋಟ ತೋಟದಲ್ಲೂ ಕೃಷಿ ಹೊಂಡ ಇದೆ. ಅದಕ್ಕೆ ಹಾಸಿರೋ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತೆ. ಇಳಿಯೋದು ಸುಲಭ, ಹತ್ತೋಕೆ ಹಿಡಿತವೇ ಸಿಗಲ್ಲ. ಈಜು ಬರೋ ದೊಡ್ಡವರೇ ಸುಸ್ತಾಗಿ ಮುಳುಗ್ತಾರೆ. ಮಿಸ್ ಹೇಳಿಸಿದ್ದು ಇಷ್ಟು: ಹೊಂಡಕ್ಕೆ ಬೇಲಿ ಹಾಕಿ. ಬೇಲಿಗೆ ದುಡ್ಡಿಲ್ಲ ಅಂದ್ರೆ ಇವತ್ತೇ ಒಂದು ದಪ್ಪ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ದಡದ ಮರಕ್ಕೋ ಕಲ್ಲುಕಂಬಕ್ಕೋ ಕಟ್ಟಿ ಒಳಗೆ ಇಳಿಬಿಡಿ. ಯಾರಾದ್ರೂ ಬಿದ್ರೆ ಹಿಂದೇನೇ ಧುಮುಕಬೇಡಿ. ಹಗ್ಗ, ಸೀರೆ, ಬಿದಿರು, ಏನು ಸಿಕ್ಕರೆ ಅದನ್ನ ಎಸೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ. ಒಬ್ಬನನ್ನ ಉಳಿಸೋಕೆ ಹೋಗಿ ಅಣ್ಣತಮ್ಮಂದಿರು ಜೊತೆಯಾಗಿ ಹೋದ ಸುದ್ದಿಯನ್ನ ನೀವೂ ಪ್ರತಿ ಬೇಸಿಗೆ ಪೇಪರಿನಲ್ಲಿ ಓದಿರ್ತೀರಿ.

ನಮ್ಮ ಜಿಲ್ಲೆಯಲ್ಲಿ ನೀರಿಗೆ ಬರವಿಲ್ಲ, ಈ ಅರ್ಥದಲ್ಲಿ. ಚನ್ನಪಟ್ಟಣಕ್ಕೆ ಕಣ್ವ, ಇಗ್ಗಲೂರಿನ ಹತ್ತಿರ ಶಿಂಷಾ. ಮಾಗಡಿ ಕಡೆ ಮಂಚನಬೆಲೆ. ಕನಕಪುರದ ಆಚೆ ಅರ್ಕಾವತಿ ಕಾವೇರಿ ಸೇರುವ ಸಂಗಮ, ಮೇಕೆದಾಟು. ವೀಕೆಂಡಿಗೆ ಬೆಂಗಳೂರಿನಿಂದ ಬೈಕಿನಲ್ಲಿ ಬರೋ ನಮ್ಮಂಥವರಿಗೂ ಇದೇ ಮೆಸೇಜ್ ಕಳಿಸಬಹುದು. ಬಂಡೆ ಮೇಲೆ ನಿಂತು ಸೆಲ್ಫಿ ತೆಗೆಯೋರಲ್ಲಿ ನಮ್ಮ ಆಫೀಸಿನವರೂ ಇದ್ದಾರೆ.

ಮೂರನೆಯದು ಆನೆ. ಮಾವು, ಹಲಸು ಹಣ್ಣಾಗೋ ಕಾಲಕ್ಕೆ ಕಾಡಂಚಿನ ತೋಟಗಳಿಗೆ ಆನೆ ಇಳಿಯೋದು ಕನಕಪುರ, ಚನ್ನಪಟ್ಟಣದವರಿಗೆ ಹೊಸದಲ್ಲ. ಬೆಳಗಿನ ಜಾವ ಬಿದ್ದ ಹಣ್ಣು ಆರಿಸೋಕೆ ಮಕ್ಕಳನ್ನ ಒಂಟಿಯಾಗಿ ಕಳಿಸಬೇಡಿ. ಅಷ್ಟೇ.

ಈ ಮಧ್ಯೆ ಕಾರ್ಯಕ್ರಮ ಶುರುವಾಯ್ತು. ಸಮುದಾಯದತ್ತ ಶಾಲೆ ಅಂದ್ರೆ ಗೊತ್ತಿಲ್ಲದವರಿಗೆ ಹೇಳ್ತೀನಿ: ವರ್ಷದ ಕೊನೆಗೆ ಪೋಷಕರನ್ನ ಕರೆದು, ಮಕ್ಕಳ ಉತ್ತರ ಪತ್ರಿಕೆ, ಪ್ರಗತಿಪತ್ರ ಎಲ್ಲಾ ಮುಂದಿಟ್ಟು, ನಿಮ್ಮ ಮಗು ಏನು ಕಲಿತಿದೆ ನೀವೇ ನೋಡಿ ಅಂತ ತೋರಿಸೋ ದಿನ. ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಅನ್ನೋ ಪೋಷಕರ ಸಮಿತಿ ಬಂದದ್ದು 2001ರಲ್ಲಿ. ಆ ಸಮಿತಿಯ ಅಧ್ಯಕ್ಷರು, ನಮ್ಮೂರಲ್ಲಿ ಒಬ್ಬರು ಟ್ರ್ಯಾಕ್ಟರ್ ಓಡಿಸೋ ಅಣ್ಣ, ಇಸ್ತ್ರಿ ಶರ್ಟ್ ಹಾಕ್ಕೊಂಡು ಮಧ್ಯದ ಕುರ್ಚಿಯಲ್ಲಿ ಕೂತಿದ್ದರು. ಬಂದಿದ್ದ ಪೋಷಕರು ಹನ್ನೆರಡು. ಅದರಲ್ಲಿ ಒಂಬತ್ತು ಹೆಂಗಸರು. ಹುಳ ಹಣ್ಣಾಗೋ ದಿನ ಆಗಿದ್ರೆ ಇಷ್ಟೂ ಬರ್ತಿರಲಿಲ್ಲ ಅಂತ ಯಾರೋ ಅಂದರು. ರೇಷ್ಮೆ ಸಾಕದವರಿಗೆ ಇದು ಅರ್ಥ ಆಗಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಸೊಪ್ಪನ್ನ ಬೆಂಕಿ ಥರ ತಿನ್ನುತ್ತೆ. ಆಮೇಲೆ ಹಣ್ಣಾದ ಹುಳನ ಆರಿಸಿ ಚಂದ್ರಂಕಿಗೆ ಬಿಡಬೇಕು. ಆ ವಾರ ಮನೆಯಲ್ಲಿ ಕೈ ಇರೋರೆಲ್ಲ ಕೆಲಸಕ್ಕೆ ನಿಲ್ಲಬೇಕು, ಮಕ್ಕಳೂ ಸೇರಿ. ಹಾಜರಿ ಪುಸ್ತಕ ತೆಗೆದು ನೋಡಿದ್ರೆ ಯಾರ ಮನೆಯಲ್ಲಿ ಯಾವಾಗ ಗೂಡು ಆಯ್ತು ಅಂತ ಹೇಳಬಹುದು.

ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂರೋ ನಲಿ-ಕಲಿ ಕೋಣೆಯಲ್ಲಿ ನನ್ನ ಸೊಸೆ ತನ್ನ ಜಾಗ ತೋರಿಸಿದಳು. ಕಿವಿಗೆ ಆಗಾಗ ಬೀಳ್ತಿದ್ದ ಈ 'ನಲಿ-ಕಲಿ' ಹುಟ್ಟಿದ್ದು 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ನಾನು ಓದುವಾಗ ನಮ್ಮ ಶಾಲೆಗೆ ಬಂದಿರಲಿಲ್ಲ. ಪಾಠವೆಲ್ಲ ಕಾರ್ಡು, ಮೆಟ್ಟಿಲು. ಒಂದು ವಾರ ರೇಷ್ಮೆ ಕೆಲಸಕ್ಕೆ ನಿಂತ ಮಗು ವಾಪಸ್ ಬಂದ್ರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದಕ್ಕೆ ಹೋಗುತ್ತೆ, ಕ್ಲಾಸು ಅದನ್ನ ಬಿಟ್ಟು ಮುಂದೆ ಓಡಿರಲ್ಲ. ಒಂದು ಡಬ್ಬದಲ್ಲಿ ಬಣ್ಣ ಬಣ್ಣದ ಮರದ ಮಣಿ ಇದ್ದವು, ಲೆಕ್ಕ ಕಲಿಸೋಕೆ. ಗೊಂಬೆ ಕೆಲಸ ಮಾಡೋ ತಾತ ಒಬ್ಬರು ಲೇತಿನಲ್ಲಿ ಸೊಟ್ಟಗಾದ, ಅರಗು ಸರಿ ಹಿಡೀದ ಮಣಿಗಳನ್ನ ಚೀಲದಲ್ಲಿ ತಂದು ಕೊಟ್ಟಿದ್ದಂತೆ. "ಇದು ಹತ್ತು, ಇದು ಹತ್ತು, ಇದು ಬಿಡಿ ಮೂರು. ಎಷ್ಟು ಹೇಳು ಮಾವ?" ಅಂತ ನನಗೇ ಪರೀಕ್ಷೆ ಆಯ್ತು.

ಪ್ರಗತಿಪತ್ರದಲ್ಲಿ ಕನ್ನಡ ಎ+, ಗಣಿತ ಎ, ಇಂಗ್ಲಿಷ್ ಬಿ+. ಇಂಗ್ಲಿಷಿನ ಬಿ+ ಮೇಲೆ ನನ್ನ ಕಣ್ಣು ನಿಂತದ್ದನ್ನ ಮಿಸ್ ನೋಡಿದರು. ಏನೂ ಹೇಳಲಿಲ್ಲ.

ಪ್ರಗತಿಪತ್ರದ ಮೇಲೆ ಜಿಲ್ಲೆ ಅನ್ನೋ ಕಡೆ 'ರಾಮನಗರ' ಅಂತ ಅಚ್ಚಾಗಿತ್ತು. 2025ರ ಮೇ ತಿಂಗಳಲ್ಲಿ ಜಿಲ್ಲೆ ಹೆಸರು ಬೆಂಗಳೂರು ದಕ್ಷಿಣ ಆಯ್ತಲ್ಲ. ಹಳೇ ಕಾರ್ಡು ಉಳಿದಿದ್ವು, ಮಿಸ್ ಒಂದೊಂದನ್ನೂ ಪೆನ್ನಿನಲ್ಲಿ ಹೊಡೆದು ಬರೆದಿದ್ದರು. ಬೆಂಗಳೂರು ನಗರದಲ್ಲೂ 'ಬೆಂಗಳೂರು ದಕ್ಷಿಣ' ಅಂತ ಒಂದು ಶೈಕ್ಷಣಿಕ ಜಿಲ್ಲೆ ಇದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ಹೆಸರಿನ ಎರಡು ವೇರಿಯಬಲ್. ಮುಂದೆ ಎಲ್ಲಿ ಎರರ್ ಬರುತ್ತೋ ನೋಡಬೇಕು.

ನಾಲ್ಕನೇ ಮೆಸೇಜು ಕಾಗದ ಪತ್ರದ್ದು. ರಜೆಯಲ್ಲೇ ನಾಡಕಚೇರಿಗೆ ಹೋಗಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಆದಾಯದ್ದಕ್ಕೆ ಐದು ವರ್ಷ ಆಯಸ್ಸು, ಮೇಲಿರೋ ಆರ್‌ಡಿ ನಂಬರ್ ಇಲ್ಲದೆ ವಿದ್ಯಾರ್ಥಿವೇತನದ ಅರ್ಜಿ ಮುಂದಕ್ಕೆ ಹೋಗಲ್ಲ. ಜೂನಲ್ಲಿ ಹೋದ್ರೆ ಕ್ಯೂ. ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಶಾಲೆ ದಾಖಲೆಯಲ್ಲಿ ಇನ್ನೊಂದು ಇದ್ರೆ ಈಗಲೇ ಸರಿ ಮಾಡಿಸಿ. ಒಂದು ಮಗುವಿನ ಹೆಸರಿನಲ್ಲಿ 'ಗೌಡ' ಇದೆಯಾ ಇಲ್ವಾ ಅನ್ನೋ ವ್ಯಾಜ್ಯ ಎರಡು ವರ್ಷದಿಂದ ನಡೀತಿದೆ. ಅಪ್ಪ ಬೇಕು ಅಂತಾನೆ, ಆಧಾರ್ ಇಲ್ಲ ಅನ್ನುತ್ತೆ.

ಐದನೆಯದು ಶೂ. ಉಚಿತ ಪಠ್ಯಪುಸ್ತಕ, ಸಮವಸ್ತ್ರ, ಶೂ ಸಾಕ್ಸು ಶಾಲೆಯಿಂದ ಬರುತ್ತೆ. ಶೂ ಖರೀದಿ ಎಸ್‌ಡಿಎಂಸಿ ಕೈಯಲ್ಲಿ. ಮಿಸ್ ಹಳೇ ಪೇಪರ್ ಮೇಲೆ ಮಕ್ಕಳ ಪಾದ ಇಟ್ಟು ಗೆರೆ ಹೊಡೆದು ಅಳತೆ ತಗೋತಾರೆ. ಆದರೆ ಏಪ್ರಿಲಲ್ಲಿ ತಗೊಂಡ ಪಾದ ಜೂನಿಗೆ ಬೆಳೆದಿರುತ್ತೆ. ಹೋದ ವರ್ಷದ ಅನುಭವದಿಂದ ಈ ಸಲ ಅಳತೆ ತೆಗೆಯೋದು ಶಾಲೆ ಶುರುವಾದ ಮೇಲೇ ಅಂತ ತೀರ್ಮಾನ. ಮೊದಲ ವಾರ ಬರದ ಮಗುವಿಗೆ ಅಳತೆ ಇಲ್ಲ. "ಇದೊಂದು ಹೇಳಿದ್ರೆ 29ಕ್ಕೆ ಎಲ್ಲಾ ಬರ್ತಾರೆ ನೋಡಿ" ಅಂತ ಮಿಸ್ ನಕ್ಕರು.

ಆರನೆಯದಕ್ಕೆ ಬರುವಾಗ ನನ್ನ ಗಂಟಲು ಒಣಗಿತ್ತು. ದಾಖಲಾತಿ ಮತ್ತು ಟಿ.ಸಿ.

ಒಂದನೇ ಕ್ಲಾಸಿಗೆ ಸೇರೋ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನೋ ನಿಯಮದಲ್ಲಿ ಆದ ಗೊಂದಲ ನಿಮಗೂ ನೆನಪಿರಬಹುದು. 2025–26ರ ಸಾಲಿಗೆ ಅದನ್ನ 5 ವರ್ಷ 5 ತಿಂಗಳಿಗೆ ಇಳಿಸಿದ್ದರು. ಜನನ ಪ್ರಮಾಣಪತ್ರ ಸಿಗಲಿಲ್ಲ ಅಂತ ಯಾರೂ ಮಗುವನ್ನ ಮನೆಯಲ್ಲಿ ಕೂರಿಸಬೇಡಿ. ವಯಸ್ಸಿನ ದಾಖಲೆ ಇಲ್ಲ ಅಂತ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ: ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬರೋ ಮಗುವಿನ ಟಿ.ಸಿ. ತಡವಾಯ್ತು ಅಂತ ದಾಖಲಾತಿ ತಡೆಹಿಡಿಯೋ ಹಾಗಿಲ್ಲ. ಕೋವಿಡ್ ಆದ ಮೇಲೆ ಫೀಸು ಕಟ್ಟೋಕಾಗದೆ ಬಂದ ಮಕ್ಕಳನ್ನ ಮಿಸ್ ಹೀಗೇ ಸೇರಿಸಿಕೊಂಡಿದ್ದರು. "ಹೋಗೋರಿಗೂ ಅಷ್ಟೇ ಸ್ಪಷ್ಟವಾಗಿ ಹೇಳಿ. ಟಿ.ಸಿ. ಬೇಕಾದವರು ಕೇಳಿ, ಕೊಡ್ತೀವಿ. ಯಾಕೆ ಅಂತ ಕೇಳಲ್ಲ. ಆದ್ರೆ ಮೇ 29ರ ಒಳಗೆ ತಿಳಿಸಿ, ಅಷ್ಟೇ" ಅಂದರು.

"ಯಾಕೆ 29ರ ಒಳಗೆ?" ಅಂತ ಕೇಳಿದೆ, ಏನೂ ಗೊತ್ತಿಲ್ಲದವನ ಥರ.

ಮೇಜಿನ ಮೇಲಿದ್ದ ಸೀಮೆಸುಣ್ಣ ತಗೊಂಡು ಅಲ್ಲೇ ಲೆಕ್ಕ ಹಾಕಿದರು. 23 ಮಕ್ಕಳಲ್ಲಿ ಐದನೇ ಕ್ಲಾಸು ಮುಗಿಸಿ ಹೋಗೋರು 4. ಈಗಾಗಲೇ ಟಿ.ಸಿ. ಕೇಳಿದವರು 3. ಹೊಸದಾಗಿ ಬರೋದು ಖಚಿತ ಆದವರು 2. ಉಳೀತು 18. ಕಾಯ್ದೆ ಪ್ರಕಾರ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಇರಬೇಕು. ನಮ್ಮಲ್ಲಿ ಇಬ್ಬರು ಇದ್ದಾರೆ, ಅವರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. 2025ರ ಬಜೆಟ್‌ನಲ್ಲಿ ಎರಡು ಸಾವಿರ ಹೆಚ್ಚಿಸಿದ ಮೇಲೆ ಅವರಿಗೆ ಸಿಗೋದು ತಿಂಗಳಿಗೆ 12,000 ರೂಪಾಯಿ. ವರ್ಷದ ಕೊನೆಗೆ ಅವರ ಕೆಲಸ ಮುಗೀತು. ಮತ್ತೆ ಆದೇಶ ಬಂದು, ಈ ಶಾಲೆಗೆ ಹಂಚಿಕೆ ಆದ್ರೆ ಬರ್ತಾರೆ. ಪಕ್ಕದ ಕೋಣೆಯಲ್ಲಿ ಅವರೇ ಮಕ್ಕಳ ಕೈಲಿ ಕೊನೇ ಸಲ ಹಾಡು ಹೇಳಿಸ್ತಿದ್ದರು. "ಹದಿನೆಂಟು ಅಂತ ಬರೆದು ಕೇಳೋದಕ್ಕೂ ಹನ್ನೆರಡು ಅಂತ ಬರೆದು ಕೇಳೋದಕ್ಕೂ ವ್ಯತ್ಯಾಸ ಇದೆ ಸರ್" ಅಂದರು ಮಿಸ್. ಮೊದಲ ಸಲ ನನ್ನನ್ನ ಸರ್ ಅಂದಿದ್ದು.

ಅಷ್ಟೊತ್ತಿಗೆ ಅಕ್ಕ ಬಂದಳು. ಅರ್ಧ ದಿನದ ಸಂಬಳ ಬಿಟ್ಟು, ಆಟೋ ಹಿಡ್ಕೊಂಡು, ಬೆವರು ಒರೆಸ್ಕೊಳ್ತಾ. ಮಗಳ ಕಾರ್ಡು ನೋಡಿ, ಸಹಿ ಹಾಕಿ, ನನ್ನ ಕಡೆ ತಿರುಗಿ ಕಣ್ಣಲ್ಲೇ ಕೇಳಿದಳು: ಕೊಟ್ಯಾ? ನಾನು ಇಲ್ಲ ಅಂತ ತಲೆ ಅಲ್ಲಾಡಿಸಿದೆ.

ಆಚೆ ಬೇವಿನ ಮರದ ಕೆಳಗೆ ನಿಲ್ಲಿಸಿ ಕೇಳಿದಳು, "ಯಾಕ್ಲಾ?"

ನಾನು ಹದಿನೆಂಟು, ಹನ್ನೆರಡು ಅಂತೆಲ್ಲ ಶುರು ಮಾಡಿದೆ. ನಾನು ಇದೇ ಶಾಲೇಲಿ ಓದಿ ಇಂಜಿನಿಯರ್ ಆಗಿಲ್ವಾ ಅಂತಲೂ ಅಂದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ನೀನ್ ಓದುವಾಗ ಎಷ್ಟ್ ಮಕ್ಳಿದ್ರು?"

"ಅರವತ್ತರ ಮೇಲೆ."

"ಮೇಷ್ಟ್ರು?"

"ಮೂರು ಜನ."

"ಅದ್ಕೇ ಹೇಳ್ತಿರೋದು. ನೀನ್ ಓದಿದ್ ಇಸ್ಕೂಲ್ ಬೇರೆ ಕಣೋ, ಈಗಿರೋದ್ ಬೇರೆ. ಬಿಲ್ಡಿಂಗ್ ಒಂದೇ ಅಷ್ಟೇಯ. ಈ ಮೇಡಂ ಒಳ್ಳೆಯವ್ರು, ನಾನ್ ಇಲ್ಲ ಅನ್ನಲ್ಲ. ನಾಳಿಕ್ ಅವ್ರಿಗೆ ಟ್ರಾನ್ಸ್‌ಫರ್ ಆದ್ರೆ? ಇಂಗ್ಲಿಷ್ ಕಲೀಲಿಲ್ಲ ಅಂದ್ರೆ ನಾಳೆ ನನ್ ಥರಾನೇ ಮಿಷನ್ ತುಳೀಬೇಕು ಅವ್ಳು." ಸ್ವಲ್ಪ ತಡೆದು ಕೇಳಿದಳು, "ನಿನ್ ಮಗು ಆಗಿದ್ರೆ ಎಲ್ಲಿಗ್ ಹಾಕ್ತಿದ್ದೆ? ಸತ್ಯ ಹೇಳು."

ನನಗೆ ಮದುವೆ ಆಗಿಲ್ಲ. ಆದರೂ ಉತ್ತರ ಗೊತ್ತಿತ್ತು. ಆಫೀಸಿನಲ್ಲಿ ಮಕ್ಕಳಿರೋ ಎಲ್ಲರೂ ಫೀಸಿನ ಬಗ್ಗೆ ಗೊಣಗ್ತಾರೆ, ಒಬ್ಬರ ಮಗುವೂ ಸರ್ಕಾರಿ ಶಾಲೆಯಲ್ಲಿಲ್ಲ. ಈ ಅರ್ಜಿ ಬರೆಯೋಣ, ಫೀಸು ನಾನು ಕಟ್ತೀನಿ ಅಂತ ಮೊದಲು ಹೇಳಿದ್ದೂ ನಾನೇ, ಸಂಕ್ರಾಂತಿ ಹಬ್ಬದ ದಿನ, ದೊಡ್ಡ ಮನುಷ್ಯನ ಥರ. ವರ್ಷಕ್ಕೆ 38,000, ವ್ಯಾನಿಗೆ ಬೇರೆ. ನನಗೆ ಅದು ದೊಡ್ಡ ಮೊತ್ತ ಅಲ್ಲ. ಅಕ್ಕನಿಗೆ ಅದು ಮೂರು ತಿಂಗಳ ದುಡಿಮೆ.

"ಸತ್ಯ ಹೇಳು ಅಂದೆ" ಅಂದಳು ಮತ್ತೆ.

"ಪ್ರೈವೇಟಿಗೆ" ಅಂದೆ.

"ಹ್ಞೂಂ" ಅಂದಳು. ಗೆದ್ದವಳ ಹ್ಞೂಂ ಅಲ್ಲ ಅದು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ನಿಂತಿದ್ವಿ. ಒಳಗೆ ಅತಿಥಿ ಶಿಕ್ಷಕಿಯ ಹಾಡು ಮುಗಿದು, ಮಕ್ಕಳು ಪಾಯಸಕ್ಕೆ ಸಾಲು ನಿಂತಿದ್ದರು. ಸೊಸೆ ತನ್ನ ತಟ್ಟೆ ಜೊತೆ ಇನ್ನೊಂದು ಚಿಕ್ಕ ಹುಡುಗಿಯ ತಟ್ಟೆಯನ್ನೂ ಹಿಡ್ಕೊಂಡಿದ್ದಳು.

"ಇವತ್ ಕೊಡ್ಬೇಡ. 29ರ ಒಳಗೆ ಅಂದವ್ರಲ್ಲ. ನಿಮ್ ಭಾವನೂ ಬರ್ಲಿ, ಅವ್ರ್‌ನೂ ಕೇಳಣ" ಅಂತ ಅಕ್ಕ ಒಳಗೆ ಹೋದಳು.

ಆರನೇ ಮೆಸೇಜನ್ನ ಆ ಬೇವಿನ ಮರದ ಕೆಳಗೇ ರೆಕಾರ್ಡ್ ಮಾಡಿದೆ. "ಅಣ್ಣಂದಿರೇ ಅಕ್ಕಂದಿರೇ, ಟಿ.ಸಿ. ಬೇಕಾದವರು ಮೇ 29ರ ಒಳಗೆ ಹೆಡ್ ಮಿಸ್‌ಗೆ ತಿಳಿಸಿ. ಉಳ್ಕೊಳೋರೂ ಉಳ್ಕೊಳ್ತೀವಿ ಅಂತ ಒಂದು ಮಾತು ಹೇಳಿ, ಅವ್ರಿಗೆ ಲೆಕ್ಕ ಕೊಡೋಕೆ ಬೇಕು." ನಲವತ್ತು ಸೆಕೆಂಡು. ಎರಡನೇ ವಾಕ್ಯ ಮಿಸ್ ಹೇಳಿಸಿದ್ದಲ್ಲ, ನಾನೇ ಸೇರಿಸಿದ್ದು. ಅವರು ಕೇಳಿ, "ಇರಲಿ ಬಿಡಿ" ಅಂದರು.

ರಾತ್ರಿ ಒಂಬತ್ತಕ್ಕೆ ಗ್ರೂಪ್ ತೆರೆದು ನೋಡಿದೆ. ನೀರಿನ ಮೆಸೇಜನ್ನ ಹನ್ನೊಂದು ಜನ ಕೇಳಿದ್ದರು. ಒಬ್ಬರು ತಮ್ಮ ಹೊಂಡಕ್ಕೆ ಇಳಿಬಿಟ್ಟ ಹಗ್ಗದ ಫೋಟೋ ಹಾಕಿದ್ದರು, ಹಸುವಿನ ಹಗ್ಗ, ಗಂಟು ಸರಿಯಾಗಿ ಅಡಿಗೊಂದು. ಶೂ ಮೆಸೇಜಿಗೆ ಹೆಬ್ಬೆಟ್ಟು ಎತ್ತಿದ ಗುರುತು ಏಳು. ಟಿ.ಸಿ. ಮೆಸೇಜನ್ನ ಹದಿಮೂರು ಜನ ಕೇಳಿದ್ದರು, ಯಾರೂ ಉತ್ತರ ಬರೆದಿರಲಿಲ್ಲ. ಕೆಳಗೆ ನಡುಮನೆಯಲ್ಲಿ ಅಕ್ಕನ ಫೋನಿನಿಂದ ನನ್ನದೇ ದನಿ ಕೇಳಿಸಿತು. ಸೊಸೆ ಅದನ್ನ ಇನ್ನೊಂದು ಸಲ ಹಾಕಿಸಿದಳು, ಮಾವ ಯಾಕೆ ಹಿಂಗೆ ಮಾತಾಡ್ತಾರೆ ಅಂತ ನಕ್ಕಳು.

ಮೊನ್ನೆ ಅಡುಗೆ ಅಮ್ಮ ಮಂಡಿಯಿಂದ ಬರುವಾಗ ಒಂದು ಚೀಲ ರಸಪುರಿ ಕೊಟ್ಟು ಹೋದರು, ಕಲೆ ಬಿದ್ದ ಹಣ್ಣು, ರುಚಿಗೆ ಏನೂ ಕಮ್ಮಿಯಿಲ್ಲ. ಭಾವ ಮುಂದಿನ ವಾರ ಬರ್ತಾರೆ. ಅರ್ಜಿ ಇನ್ನೂ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇದೆ, ಚಾರ್ಜರ್ ಜೊತೆ ಮಡಚಿಕೊಂಡು.